ಕೆನ್ನೆಗೆ ತಣ್ಣಗಿದ್ದದ್ದು

ಒಣಗಿದೆಯೋ ಇಲ್ಲವೋ ತಿಳಿಯಲು
ಗಡಿಗೆಯನ್ನು ಕೆನ್ನೆಗೆ ಒತ್ತಿ ನೋಡಬೇಕು, ಅಂದಿದ್ದರು ಖಾಜಾ ಸರ್.
ತಣ್ಣಗೆ ತಗುಲಿದರೆ ಒಳಗಿನ್ನೂ ನೀರಿದೆ.
ಬಳ್ಳಾರಿಯ ಏಪ್ರಿಲ್ಲಿನಲ್ಲಿ ತಣ್ಣಗಿರುವುದು ಏನಾದರೂ ಸಿಕ್ಕರೆ
ಅದರ ಮೇಲೆ ಅನುಮಾನ ಪಡಬೇಕು. ಇಷ್ಟೇ ಪಾಠ.

ಮೊದಲ ತಿಂಗಳು ತಿಗರಿ ಮುಟ್ಟಗೊಡಲಿಲ್ಲ.
ನಾದಿರಿ, ಅಂದರು. ನಾದಿದೆವು.
ಸುರುಳಿ ಹೊಸೆಯಿರಿ, ಒಂದರ ಮೇಲೊಂದು ಕೂರಿಸಿ,
ಒಳಗೂ ಹೊರಗೂ ಬೆರಳಿಂದ ಸವರಿ ಬೆಸೆಯಿರಿ.
ಗಾದಿಲಿಂಗನ ಸುರುಳಿ ಮಲಗಿದ ಕೇರೆಹಾವು.
ನನ್ನದು ಒಂದು ಕಡೆ ಒನಕೆ, ಒಂದು ಕಡೆ ಲಾಡಿ.
ಪಂಪಾವತಿಯದು ಶಾವಿಗೆ ಹೊಸೆದ ಕೈ,
ಮಾತಾಡುತ್ತಲೇ ಎಳೆ ಎಳೆಯಾಗಿ ಬಿಡುತ್ತಿದ್ದಳು.

ಕಿಟಕಿಗೆ ಗಾಜಿರಲಿಲ್ಲ. ಅದಿರಿನ ಲಾರಿ ಹೋದಾಗೆಲ್ಲ
ಹಸಿ ಬೋಗುಣಿಗಳ ಮೇಲೆ ಕೆಂಪು ಧೂಳು.
ಒರೆಸಲು ಹೋದರೆ ಸರ್ ತಡೆದರು:
"ಇರಲಿ ಬಿಡ್ರಿ, ಗ್ಲೇಜಿಗೆ ಪುಗಸಟ್ಟೆ ಬಣ್ಣ.
ಬ್ಯಾರೆ ಊರಾಗ ರೊಕ್ಕ ಕೊಟ್ಟು ತರಸ್ತಾರ ಇದನ್ನ."

ಆಮೇಲೆ ತಿಗರಿ.
ಕರೆಂಟಿನವು, ಎರಡೇ, ಹನ್ನೊಂದು ಜನಕ್ಕೆ.
ಮೊದಲು ನಡು ಹಿಡಿಯಬೇಕು.
ಮಣ್ಣಿನ ನಡು, ತಿಗರಿಯ ನಡು ಒಂದಾದಾಗ
ಮುದ್ದೆ ತಿರುಗುತ್ತಿದ್ದರೂ ನಿಂತಂತೆ ಕಾಣುತ್ತದೆ.
ನನ್ನದು ನಿಲ್ಲಲಿಲ್ಲ.
ಮೊಣಕೈ ತೊಡೆಗೆ ಊರಿ, ಉಸಿರು ಕಟ್ಟಿ ತಳ್ಳಿದೆ.
ಅದು ನನ್ನನ್ನು ತಳ್ಳಿತು.
"ಜಗಳ ಆಡಬ್ಯಾಡವ್ವ. ತೋಳು ಗ್ವಾಡಿ ಮಾಡಿ ಸುಮ್ನ ಕೂಡು,
ತಾನ ಬಂದು ಒರಗತೈತಿ."

ಒಂದು ಸಂಜೆ ಒರಗಿತು.
ನಾನು ವಿಶೇಷವಾಗಿ ಏನೂ ಮಾಡಿರಲಿಲ್ಲ.
ಅಂಗೈಯಡಿಯ ಕುಣಿತ ಇದ್ದಕ್ಕಿದ್ದಂತೆ ಅಡಗಿತು.
ಹೆಬ್ಬೆರಳಿಳಿಸಿದೆ, ಬಾಯಿ ತೆರೆಯಿತು.
ಗೋಡೆ ಎತ್ತಿದೆ, ಗೇಣುದ್ದ ಬರುವಷ್ಟರಲ್ಲಿ
ಕರೆಂಟು ಹೋಯಿತು.
ಕತ್ತಲಲ್ಲಿ ಹಿಡಿದೇ ಕೂತೆ,
ತಿಗರಿ ನಿಂತದ್ದು ಕೈಗೆ ತಿಳಿಯಿತು.
ಅಟೆಂಡರ್ ಎರ್ರಿಸ್ವಾಮಿ ಮೊಬೈಲು ಬಾಯಲ್ಲಿ ಕಚ್ಚಿ, ಬೆಳಕು ಬಿಟ್ಟು,
ದಾರದಿಂದ ಕೊಯ್ದು ಹಲಗೆಗೆ ದಾಟಿಸಿಕೊಟ್ಟ.
"ತಳ ದಪ್ಪ ಐತಿ," ಅಂದ. ಕೇಳಿಸಿತು.
ಕೇಳಿಸದವಳ ಹಾಗೆ ಕೈ ತೊಳೆದೆ.
ನನ್ನ ಮೊದಲ ಹರವಿ! ಹೆಸರಿಗೆ ಹರವಿ,
ಹಿಡಿಸುವುದು ಎರಡು ತಂಬಿಗೆ.

ಕಾಲೇಜಿನ ಹಿಂದೆ ಇಟ್ಟಿಗೆಯ ಆವಿಗೆ,
ಬಳ್ಳಾರಿ ಜಾಲಿಯ ಕಟ್ಟಿಗೆ.
ತುಂಬುವ ದಿನ ಸರ್ ಒಬ್ಬೊಬ್ಬರನ್ನೇ ಕೇಳಿದರು: "ಒಣಗೈತೇನು?"
ಬೆಳಿಗ್ಗೆ ಕೆನ್ನೆಗೆ ಹಿಡಿದಿದ್ದೆ.
ಬಾಯಿ ಬೆಚ್ಚಗೆ, ಹೊಟ್ಟೆ ಬೆಚ್ಚಗೆ,
ತಳ, ಜ್ವರಕ್ಕೆ ಹಣೆಯ ಮೇಲಿಡುವ ಒದ್ದೆ ಬಟ್ಟೆಯಷ್ಟು ತಣ್ಣಗೆ.
ಮುಂದಿನ ಆವಿಗೆ ಅಂದರೆ ಪರೀಕ್ಷೆ ಮುಗಿದ ಮೇಲೆ.
"ಒಣಗೈತ್ರಿ ಸರ್," ಅಂದೆ.

ರಾತ್ರಿ ಕಾವಲಿದ್ದ ಎರ್ರಿಸ್ವಾಮಿ
ಒಳಗೆ ಪಟಾಕಿ ಹೊಡೆದಂಗಾತು ಅಂದ.
ಕುಂಬಾರನಿಗೆ ವರುಷ ಅನ್ನುವ ಗಾದೆಯಲ್ಲಿ
ದೊಣ್ಣೆ ಹೊರಗಿನಿಂದ ಬರುತ್ತದೆ.

ನನ್ನದು ಬೋಕಿ ಬೋಕಿ.
ಗಾದಿಲಿಂಗನ ಹುಂಜಕ್ಕೆ ತಲೆ ಇಲ್ಲ.
ಪಂಪಾವತಿಯ ಹೂಜಿ, ಇಪ್ಪತ್ತೆರಡು ಸುತ್ತಿನದು,
ಮೂರು ವಾರ ಒದ್ದೆ ಗೋಣಿ ಹೊದಿಸಿ ಕಾಪಾಡಿದ್ದು,
ಅಂಚಿನಲ್ಲಿ ಎರಡು ಹಲ್ಲು ಬಿದ್ದ ಬಾಯಿ.
ಸರ್ ಒಂದು ದಪ್ಪ ಚೂರೆತ್ತಿ ಮಗುಚಿ ನೋಡಿದರು.
ಯಾರದಿದು ಎಂದು ಕೇಳಲಿಲ್ಲ.
ತಳದಲ್ಲಿ ಹೆಸರಿನ ಮೊದಲಕ್ಷರ ಕೊರೆಯುವುದನ್ನು
ಕಲಿಸಿದವರು ಅವರೇ.
ಚೂರನ್ನು ನನ್ನ ಕೈಗಿಟ್ಟರು. ಬಿಸಿ ಇತ್ತು.

ಎಂಟು ದಿನ ಪಂಪಾವತಿ ನನ್ನ ಕಡೆ ತಿರುಗಲಿಲ್ಲ.
ಒಂಬತ್ತನೆಯ ದಿನ ಮುಕ್ಕು ಹೂಜಿಗೆ ಗ್ಲೇಜು ಸುರಿಯುವಾಗ
ಒಂಟಿ ಕೈ ಸಾಲದೆ, "ಆ ಕಡಿಯಿಂದ ಹಿಡಿ," ಅಂದಳು.
ಹಿಡಿದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ.
"ಅಲ್ಲಾಡಬ್ಯಾಡ," ಅಂದಳು.

ಪರೀಕ್ಷೆ ಮುಗಿದ ಮೇಲಿನ ಮಾತು.
ಮತ್ತೆ ಆವಿಗೆ ತುಂಬುತ್ತಿದ್ದರು.
ಪಂಪಾವತಿ ತನ್ನ ಹೊಸ ಬೋಗುಣಿ ಎತ್ತಿ ತಂದು
ತನ್ನ ಕೆನ್ನೆಗಲ್ಲ,
ನನ್ನ ಕೆನ್ನೆಗೆ ಒತ್ತಿ,
"ಹೇಳು," ಅಂದಳು.

ಕಣ್ಣು ಮುಚ್ಚಿದೆ. ಹೊತ್ತು ಹಿಡಿಯಿತು.
"ಇನ್ನೂ ಇಲ್ಲ."